ಅತ್ತೆಯ ಹೆಸರಿನಲ್ಲಿ ಮುಳುಗು

ಭಾನುವಾರ ಬೆಳಿಗ್ಗೆ ಬದ್ರಿಯಾ ಪಾತ್ರೆ ತೊಳೆದು ಬೋರಲು ಹಾಕಿದಳು. ಯಾರೂ ಬಂದು ಅವನ್ನು ಮತ್ತೆ ತೊಳೆಯಲಿಲ್ಲ. ಅವಳಿಗೆ ಸಿಟ್ಟು ಬಂದದ್ದು ಅದಕ್ಕೇ. ಬಾಗ್ದಾದಿನಿಂದ ಈ ಅಮಾರಾ ಊರಿಗೆ ಸೊಸೆಯಾಗಿ ಬಂದ ದಿನದಿಂದ ಅವಳು ನಲ್ಲಿ ನೀರಿನಲ್ಲಿ ತೊಳೆದಿಟ್ಟ ಪಾತ್ರೆಗಳನ್ನೆಲ್ಲ ಅತ್ತೆ ಒಂದು ಮಾತೂ ಆಡದೆ ಬುಟ್ಟಿಗೆ ತುಂಬಿಕೊಂಡು, ಮನೆಯ ಹಿಂದಿನ ಕಹ್ಲಾ ಹೊಳೆಗೆ ಒಯ್ದು, ಒಂದೊಂದನ್ನೂ ಹರಿಯುವ ನೀರಿನಲ್ಲಿ ಅದ್ದಿ ತರುತ್ತಿದ್ದಳು. ಬುಟ್ಟಿ ಹೊತ್ತು ಸೊಸೆಯ ಮುಂದೆಯೇ ಹಾದುಹೋಗಬೇಕು, ಬೇರೆ ದಾರಿ ಇರಲಿಲ್ಲ, ಇದ್ದರೂ ಆ ದಾರಿಯಲ್ಲಿ ಹೋಗುತ್ತಿರಲಿಲ್ಲ. ಒಮ್ಮೆ ಮಾತ್ರ ಹೇಳಿದ್ದಳು: "ಕೊಳವೆ ಒಳಗೆ ಕೂತಿದ್ದ ನೀರು ಸತ್ತಿರೋ ನೀರು ಕಣೇ ಹುಡುಗಿ. ಸತ್ತಿರೋದು ಏನನ್ನ ತಾನೇ ತೊಳೆಯುತ್ತೆ?" ಹುಡುಗಿ ಎನ್ನುವುದು ಕೂದಲು ನೆರೆಯುವವರೆಗೂ ಹಾಗೇ ಉಳಿಯಿತು. ಈಗ ಅತ್ತೆ ಸತ್ತು ತಿಂಗಳ ಮೇಲಾಗಿತ್ತು. ಬೋರಲು ಬಿದ್ದ ಪಾತ್ರೆಗಳಿಂದ ನೀರು ಇಳಿಯುತ್ತಿತ್ತು. ಬದ್ರಿಯಾಗೆ ಅವು ಕೊಳೆಯಾಗಿಯೇ ಕಂಡವು, ಹಾಗೆ ಕಂಡದ್ದಕ್ಕೆ ಮತ್ತಷ್ಟು ಸಿಟ್ಟು ಬಂತು. ಮುದುಕಿ ಸತ್ತ ಮೇಲೂ ಅವಳ ಕಣ್ಣನ್ನು ತನ್ನ ಕಣ್ಣೊಳಗೆ ಇಟ್ಟುಹೋಗಿದ್ದಾಳೆ ಎಂದುಕೊಂಡು ಅವಳು ಚಮಚವೊಂದನ್ನು ಗೋಡೆಗೆ ಎಸೆದಳು.

"ಚಮಚ ಏನು ತಪ್ಪು ಮಾಡಿತ್ತು?" ಎಂದಳು ಬಾಗಿಲಲ್ಲಿ ನಿಂತ ಸಬೀಹಾ. ಬದ್ರಿಯಾಳ ಗಂಡ ದಖೀಲನ ಅಕ್ಕ. ಅವಳ ಕೈಯಲ್ಲಿ ಬಿಳಿ ಬಟ್ಟೆಯ ಗಂಟಿತ್ತು. ಅದನ್ನು ಬದ್ರಿಯಾಳ ಒದ್ದೆ ಕೈಗೆ ಎಲ್ಲಿ ತಗಲೀತೋ ಎಂದು ಎದೆಯ ಹತ್ತಿರ ಹಿಡಿದುಕೊಂಡಿದ್ದಳು. "ಶೇಖ್ ಆಗಲೇ ಹೊಳೆ ಹತ್ರ ಕಾಯ್ತಿದಾರೆ. ನಿನ್ನ ಮೈ ಶುದ್ಧವಾಗಿದೆ ತಾನೇ? ಆಮೇಲೆ ನೀರಿಗೆ ಇಳಿಯೋ ಹೊತ್ತಿಗೆ ಅದು ಇದು ಅನ್ನಬೇಡ."

"ಶುದ್ಧವಾಗಿದೆ ಅಕ್ಕ."

"ಮನಸ್ಸು?"

"ನಾನು ಇಳಿಯೋದು ನಿಮ್ಮಮ್ಮನ ಹೆಸರಲ್ಲಿ. ನನ್ನ ಮನಸ್ಸು ಯಾಕೆ ಬೇಕು?"

ಸಬೀಹಾ ಗಂಟನ್ನು ಇನ್ನಷ್ಟು ಎತ್ತಿ ಹಿಡಿದು ಹೊರಗೆ ನಡೆದಳು. ಆ ಬಟ್ಟೆಯನ್ನು ಅವಳೇ ಹೊಲಿದಿದ್ದಳು, ಬದ್ರಿಯಾಗೆ ಸೂಜಿ ಮುಟ್ಟಲು ಬಿಟ್ಟಿರಲಿಲ್ಲ. ಅತ್ತೆಯ ಸಾವಿಗೆಂದು ಮೊದಲ ಉಡುಪನ್ನು ಹೊಲಿದವಳು ಬದ್ರಿಯಾ. ವರ್ಷಗಳ ಹಿಂದೆ, ಅತ್ತೆ ಇನ್ನೂ ಗಟ್ಟಿಮುಟ್ಟಾಗಿ ಬುಟ್ಟಿ ಹೊರುತ್ತಿದ್ದಾಗ, ಇಬ್ಬರೂ ಚಾಪೆಯ ಮೇಲೆ ಎದುರುಬದುರು ಕೂತು ಹೊಲಿದದ್ದು. ದಖೀಲ್ ತನ್ನ ಬೆಳ್ಳಿ ಅಂಗಡಿಯಲ್ಲಿ ಕೂದಲೆಳೆಯಷ್ಟು ಸಣ್ಣಗೆ ಎಳೆದುಕೊಟ್ಟ ಚಿನ್ನದ ತಂತಿಯನ್ನು ಅಂಗಿಯ ಬಲಗಡೆಗೆ, ಬೆಳ್ಳಿಯ ತಂತಿಯನ್ನು ಎಡಗಡೆಗೆ ಕೂಡಿಸಿದ್ದರು. ಹರಿಯುವ ನೀರನ್ನೇ ನಂಬಿದ ನಮ್ಮ ಮತದಲ್ಲಿ ಸಾವಿನ ಉಡುಪಿಗೆ ಅದಿರಬೇಕು. ಅತ್ತೆ ಅಂದು ಹೊಲಿಗೆಯನ್ನು ಬೆಳಕಿಗೆ ಹಿಡಿದು ನೋಡಿ, "ನಿನ್ನ ಕೈ ಹೊಲಿಗೆಗೆ ಮಾತ್ರ ಬಂತು" ಎಂದಿದ್ದಳು. ಅದು ಹೊಗಳಿಕೆಯೋ ತೆಗಳಿಕೆಯೋ ಬದ್ರಿಯಾಗೆ ಈಗಲೂ ಗೊತ್ತಿಲ್ಲ. ಆ ವರ್ಷವೇ ಅವಳ ಮಗು ಹೊಟ್ಟೆಯಲ್ಲೇ ಸತ್ತಿತ್ತು. ಆಮೇಲೆ ಇನ್ನೊಂದು ಆಗಲಿಲ್ಲ. ಓಣಿಯಲ್ಲಿ ಹೆಂಗಸರನ್ನು ಹಿರಿಮಗನ ಹೆಸರು ಹಿಡಿದು ಅವನ ತಾಯಿ ಇವನ ತಾಯಿ ಎಂದು ಕರೆಯುತ್ತಾರೆ. ಹೆಸರಿಡಲು ಮಗನೇ ಇಲ್ಲದವಳನ್ನು ಉಮ್ ಗಾಯಿಬ್ ಎನ್ನುತ್ತಾರೆ, ಇಲ್ಲದವನ ತಾಯಿ. ಕರೆಯುವವರು ಅದನ್ನು ಮರ್ಯಾದೆ ಎಂದೇ ತಿಳಿದಿರುತ್ತಾರೆ. ಪ್ರತಿ ಸಲ ಅವಳಿಗೆ ಕೆನ್ನೆಗೆ ಹೊಡೆದಂತಾಗುತ್ತಿತ್ತು, ಪ್ರತಿ ಸಲ ಅವಳು ತಿರುಗಿ ನೋಡಿ ನಗುತ್ತಿದ್ದಳು.

ಓಣಿಯ ತುದಿಯಲ್ಲಿ ಪಕ್ಕದ ಮನೆಯ ಉಮ್ ಸಲ್ಮಾನ್ ಎಮ್ಮೆ ಹಾಲಿನ ಕೆನೆ ಮಾರುವವಳ ಹತ್ತಿರ ಚೌಕಾಸಿ ಮಾಡುತ್ತಿದ್ದವಳು ಅದನ್ನು ಅರ್ಧಕ್ಕೆ ಬಿಟ್ಟು ಇವರ ಜೊತೆ ಹೆಜ್ಜೆ ಹಾಕಿದಳು. ಕೆನೆಯ ತಟ್ಟೆ ಕೈಯಲ್ಲೇ ಇತ್ತು. "ಜೋಪಾನ ಕಣೇ ಉಮ್ ಗಾಯಿಬ್," ಎಂದಳು ದನಿ ತಗ್ಗಿಸಿ, ಸಬೀಹಾಗೂ ಕೇಳಿಸುವಷ್ಟೇ ತಗ್ಗಿಸಿ. "ಸತ್ತವರ ಬದಲು ನಿಂತವರ ಕೈಯನ್ನ ಸತ್ತವರು ಸುಲಭಕ್ಕೆ ಬಿಡಲ್ಲ ಅಂತಿದ್ಲು ನಮ್ಮಜ್ಜಿ. ಎಳ್ಕೊಂಡೇ ಹೋಗ್ತಾರಂತೆ."

"ಎಳ್ಕೊಂಡು ಹೋಗ್ಲಿ. ಅಲ್ಲೂ ಪಾತ್ರೆ ತೊಳೆಯೋಕೆ ಒಬ್ಳು ಬೇಕಲ್ಲ."

"ಅಯ್ಯೋ, ಬಾಯಿ ನೋಡು ಇವಳದ್ದು! ನೀರಿಗೆ ಇಳಿಯೋಳ ಬಾಯಾ ಇದು?"

ಅತ್ತೆ ಸತ್ತ ದಿನ ಆಸ್ಪತ್ರೆಯಲ್ಲಿ ಈ ಬಾಯಿ ಎಲ್ಲಿ ಹೋಗಿತ್ತು ಎಂದು ಬದ್ರಿಯಾ ತನ್ನನ್ನೇ ಕೇಳಿಕೊಂಡಳು. ಕಬ್ಬಿಣದ ಮಂಚ, ಸುಣ್ಣದ ಗೋಡೆ, ಮಂಚದ ಕೆಳಗೆ ಆ ಬಿಳಿ ಉಡುಪಿದ್ದ ಚೀಲ, ಅದರ ಪಕ್ಕ ಹೊಳೆ ನೀರು ತುಂಬಿದ ಡಬ್ಬ. ದಾದಿಯೊಬ್ಬಳು ಡಬ್ಬದ ಮುಚ್ಚಳ ತೆಗೆದು, ಈ ಬಗ್ಗಡದ ನೀರು ಯಾಕೆ ತಂದಿದ್ದೀರಿ ಎಂದು ಗದರಿದ್ದಳು. ದಾದಿಗೆ ಹೇಳುವುದಾದರೂ ಏನು? ಉಸಿರಿರುವಾಗಲೇ ಆ ನೀರು ಹೊಯ್ದು, ಉಸಿರಿರುವಾಗಲೇ ಬಿಳಿ ಉಡುಪು ತೊಡಿಸಬೇಕು, ಉಸಿರು ಹೋದ ಮೇಲೆ ತೊಡಿಸಿದರೆ ಅದು ಬರೀ ಬಟ್ಟೆ. ಬಟ್ಟೆಯಿಲ್ಲದೆ ಹೋದ ಜೀವವನ್ನು ಬೆಳಕಿನ ಲೋಕಕ್ಕೆ ಹೋಗುವ ದಾರಿಯ ಮೊದಲ ಕಾವಲಿನಲ್ಲೇ ನಿಲ್ಲಿಸಿಬಿಡುತ್ತಾರೆ, ಬೆತ್ತಲೆ. ಚಿಕ್ಕವಳಿದ್ದಾಗ ಇದನ್ನು ಕೇಳಿ ಬದ್ರಿಯಾ ಅತ್ತಿದ್ದಳು. ದೊಡ್ಡವಳಾದ ಮೇಲೆ ಸಿಟ್ಟು ಬಂದಿತ್ತು. ಬೆಳಕಿನ ಲೋಕಕ್ಕೂ ಬಾಗಿಲು ಕಾಯುವವರು ಬೇಕೇ, ಒಂದು ಅಂಗಿಗಾಗಿ ಹಲ್ಲಿಲ್ಲದ ಮುದುಕಿಯನ್ನು ತಡೆದು ನಿಲ್ಲಿಸುವ ಬೆಳಕು ಎಂಥ ಬೆಳಕು? ತಂದೆಯನ್ನು ಕೇಳಿದರೆ ಅವರು ಕುಲುಮೆಯಿಂದ ತಲೆ ಎತ್ತದೆ, ಈ ಲೋಕ ಮಾಡಿದವನು ನಾವು ದೊಡ್ಡ ಬೆಳಕು ಎನ್ನುವ ದೇವರಲ್ಲ ಮಗಳೇ, ಅವನೊಬ್ಬ ಅರೆಬರೆ ಕೆಲಸಗಾರ, ಅಪ್ಪಣೆ ಸರಿಯಾಗಿ ಕೇಳಿಸಿಕೊಳ್ಳದೆ ಕೈಗೆ ಬಂದಂತೆ ಮಾಡಿಬಿಟ್ಟ ಎಂದಿದ್ದರು. ಆ ಒಂದು ಮಾತು ಮಾತ್ರ ಅವಳಿಗೆ ಯಾವತ್ತೂ ಸುಳ್ಳು ಅನ್ನಿಸಿರಲಿಲ್ಲ. ಅರೆಬರೆ ಕೆಲಸಗಾರನ ಲೋಕದಲ್ಲಿ, ಅರೆಬರೆ ಆಸ್ಪತ್ರೆಯಲ್ಲಿ, ಅತ್ತೆ ಆ ಬೆಳಿಗ್ಗೆ ಕಣ್ಣು ತೆರೆದು ನೇರವಾಗಿ ಇವಳನ್ನೇ ನೋಡಿ, "ಬದ್ರಿಯಾ, ನನ್ನ ಬಟ್ಟೆ ತೆಗಿ" ಎಂದಿದ್ದಳು.

ಹುಡುಗಿ ಅನ್ನಲಿಲ್ಲ. ಬಾಗ್ದಾದಿನವಳು ಅನ್ನಲಿಲ್ಲ. ಅಷ್ಟು ವರ್ಷಗಳಲ್ಲಿ ಆ ಬಾಯಿಂದ ತನ್ನ ಹೆಸರು ಕೇಳಿದ್ದು ಅವತ್ತೇ. ಬದ್ರಿಯಾ ಬಗ್ಗಿದಳು, ಕೈ ಚೀಲದ ಹಿಡಿಗೆ ತಾಗಿತ್ತು ಕೂಡ. ಅಷ್ಟರಲ್ಲಿ ದಖೀಲ್, "ಬೇಡ. ಮುಟ್ಟಬೇಡ ಅದನ್ನ" ಎಂದ. ಅವನ ದನಿ ಯಾವಾಗಲೂ ಮೆದು, ಅವತ್ತೂ ಮೆದುವಾಗಿಯೇ ಇತ್ತು. "ಬಟ್ಟೆ ತೆಗೆದ್ರೆ ಅಮ್ಮನಿಗೆ ನಾವೇ ಸಾಯಿ ಅಂದ ಹಾಗಾಗುತ್ತೆ. ಅಮ್ಮ ನಾಳೆಗೆ ಎದ್ದು ಕೂರ್ತಾಳೆ ಅಂತ ಡಾಕ್ಟರು ಅಂದಿದಾರೆ. ಯುಮ್ಮಾ, ನೀನು ಎಲ್ಲಿಗೂ ಹೋಗ್ತಿಲ್ಲ, ಸುಮ್ನೆ ಮಲಕ್ಕೋ." ಮುದುಕಿ ಮಗನ ಕಡೆ ನೋಡಲೇ ಇಲ್ಲ. ಸೊಸೆಯನ್ನೇ ನೋಡುತ್ತಿದ್ದಳು. ಆಗ ಬದ್ರಿಯಾ ನೆಟ್ಟಗೆ ನಿಂತು, ಚೀಲವನ್ನು ಕಾಲಿನಿಂದ ಮಂಚದ ಒಳಕ್ಕೆ ತಳ್ಳಿದಳು. ದಾದಿ ನೋಡದಿರಲಿ ಎಂದು ತಳ್ಳಿದೆ ಎಂದು ಆಮೇಲೆ ಎಷ್ಟೋ ಸಲ ತನಗೇ ಹೇಳಿಕೊಂಡಳು. ಆದರೆ ಕಾಲಿಗೆ ಗೊತ್ತಿತ್ತು. ಆ ಒಂದು ಗಳಿಗೆ, ಚೀಲ ಸಿಮೆಂಟಿನ ಮೇಲೆ ಸರಕ್ಕನೆ ಸರಿದಾಗ, ಅವಳಿಗೆ ಖುಷಿಯಾಗಿತ್ತು. ಬುಟ್ಟಿ ಹೊತ್ತು ಮುಂದೆ ಹಾದುಹೋಗುತ್ತಿದ್ದವಳು ಈಗ ಕೇಳುತ್ತಿದ್ದಾಳೆ, ಕೇಳಿದ್ದು ಸಿಗುತ್ತಿಲ್ಲ. ಅತ್ತೆ ಕಣ್ಣನ್ನು ಸೂರಿಗೆ ತಿರುಗಿಸಿದಳು. ದಖೀಲ್ ಚಹಾ ಕುಡಿಯಲು ಹೊರಗೆ ಹೋದ. ಮಧ್ಯಾಹ್ನದ ಹೊತ್ತಿಗೆ ಮುದುಕಿ ಆಸ್ಪತ್ರೆಯ ನೀಲಿ ನಿಲುವಂಗಿಯಲ್ಲೇ ಹೋಗಿಬಿಟ್ಟಳು. ಓಡಿಬಂದ ಸಬೀಹಾ ಮೊದಲು ಕೇಳಿದ್ದು ಅಮ್ಮ ಹೋದಳಾ ಎಂದಲ್ಲ, "ಬಟ್ಟೆ ಎಲ್ಲಿ? ಉಡಿಸಲಿಲ್ವಾ?" ಎಂದು. ಕೇಳಿದ್ದು ಬದ್ರಿಯಾಳನ್ನು. ದಖೀಲ್ ಬಾಗಿಲಲ್ಲಿ ಚಹಾದ ಪುಟ್ಟ ಗಾಜಿನ ಲೋಟ ಹಿಡಿದು ನಿಂತಿದ್ದ. ಬದ್ರಿಯಾ ಅವನನ್ನು ನೋಡಿದಳು. ಅವನು ಲೋಟವನ್ನು ನೋಡಿದ.

ಅಲ್ಲಿಂದ ಶುರುವಾದ ಓಣಿಯ ಮಾತು ಇನ್ನೂ ಮುಗಿದಿರಲಿಲ್ಲ. ಬಾಗ್ದಾದಿನವಳು ಹಗೆ ತೀರಿಸಿಕೊಂಡಳು. ಬಟ್ಟೆಯ ಮೇಲೆ ಕಾಲಿಟ್ಟುಕೊಂಡು ಕೂತಿದ್ದಳಂತೆ. ಬಂಜೆಯ ಕೈಗೆ ಸಾಯುವವರನ್ನು ಕೊಡಬಾರದಿತ್ತು. ಸಾವಿನ ಮನೆಯಲ್ಲಿ ಹೆಂಗಸರು ಅಕ್ಕಿರೊಟ್ಟಿ ಮುರಿಯುತ್ತಾ ಇದನ್ನೆಲ್ಲ ಆಡುತ್ತಿದ್ದರೆ, ಆಚೆ ಗಂಡಸರ ನಡುವೆ ದಖೀಲ್ ತಲೆ ತಗ್ಗಿಸಿ ಕೂತಿದ್ದ, ಎಲ್ಲರೂ ಅವನ ಬೆನ್ನು ಸವರುತ್ತಿದ್ದರು. ಎಂಥ ಸಾಧು ಮನುಷ್ಯ, ಹೆಂಡತಿಗೆ ಒಂದು ಮಾತೂ ಅನ್ನಲಿಲ್ಲ! ಅನ್ನಲಿಲ್ಲ, ನಿಜ. ಅವನು ಯಾರಿಗೂ ಏನೂ ಅನ್ನುವುದಿಲ್ಲ. ಬೆಳ್ಳಿಯ ಸಿಗರೇಟು ಡಬ್ಬಿಗಳ ಮೇಲೆ ದೋಣಿ, ಖರ್ಜೂರದ ಮರ, ನೀರಿನ ಗೆರೆ ಕೆತ್ತುತ್ತಾ, ಕೆತ್ತಿದ್ದರೊಳಗೆ ಕಪ್ಪು ತುಂಬಿ ಉಜ್ಜುತ್ತಾ ಕೂತುಬಿಡುತ್ತಾನೆ. ಆಮೇಲೆ ನಮ್ಮ ಪುರೋಹಿತರಾದ ಶೇಖ್ ಜಹ್ರೂನ್ ಬಂದು, ಹೀಗೇ ಬಿಟ್ಟರೆ ಮುದುಕಿ ಕಾವಲಿನಲ್ಲೇ ಉಳಿಯುತ್ತಾಳೆ, ಬದುಕಿರುವ ಒಬ್ಬಳು ಅವಳ ಬದಲು ನೀರಿಗಿಳಿದು, ಅವಳ ಹೆಸರಿನಲ್ಲಿ ಹೊಸ ಉಡುಪು ತೊಡಬೇಕು, ಅವಳ ಪಾಲಿನ ಊಟ ಉಣ್ಣಬೇಕು ಎಂದರು. ಮದುವೆಯಾದವಳಾಗಿರಬೇಕು, ರಾಶಿ ಕೂಡಬೇಕು. ಹುಟ್ಟಿದ ಹೊತ್ತು ಕೇಳಿ ಕೇಳಿ ಲೆಕ್ಕ ಹಾಕಿದರೆ ಇಡೀ ಅಮಾರಾದಲ್ಲಿ ಕೂಡಿಬಂದದ್ದು ಬದ್ರಿಯಾಳ ರಾಶಿ ಮಾತ್ರ. ಉಮ್ ಸಲ್ಮಾನ್ ಬಾಯಿಗೆ ಹೊದಿಕೆಯ ಅಂಚು ಅಡ್ಡ ಇಟ್ಟುಕೊಂಡು, "ಬಚ್ಚಿಟ್ಟವಳೇ ಉಡ್ಲಿ ಬಿಡಿ" ಎಂದಳು. ಸಬೀಹಾ ಒಪ್ಪಲೇಬೇಕಾಯಿತು. ಬದ್ರಿಯಾಳನ್ನು ಯಾರೂ ಕೇಳಲಿಲ್ಲ.

ನಿನ್ನೆ ಸಂಜೆ ಅವಳು ಗಂಡನ ಅಂಗಡಿಗೇ ಹೋಗಿದ್ದಳು. ಅವನು ಊದುಗೊಳವೆ ಬಾಯಲ್ಲಿಟ್ಟುಕೊಂಡು ಉರಿಗೆ ಗಾಳಿ ಊದುತ್ತಿದ್ದ. "ನಾಳೆ ಶೇಖ್ ನನ್ನ ಕೈ ಹಿಡೀತಾರೆ. ಸತ್ಯದ ಕೈ ಅದು, ಸುಳ್ಳಿಟ್ಕೊಂಡು ಕೊಡೋ ಹಾಗಿಲ್ಲ. ಅದಕ್ಕೂ ಮುಂಚೆ ನಿಮ್ಮಕ್ಕನಿಗೆ ಹೇಳು" ಎಂದಳು. ಅವನು ಊದುಗೊಳವೆ ತೆಗೆದ. "ಹೇಳಿ ಏನಾಗ್ಬೇಕು ಬದ್ರಿಯಾ? ಅಮ್ಮ ವಾಪಸ್ ಬರ್ತಾಳಾ?"

"ಅಮ್ಮನ ಮಾತಲ್ಲ. ನನ್ನ ಮಾತು."

"ಜನ ನಾಲ್ಕು ದಿನ ಆಡ್ತಾರೆ, ಮರೀತಾರೆ. ಮಗನೇ ತಡೆದ ಅಂದ್ರೆ ನಾನು ಮಂದಿ ಮುಂದೆ ಹೇಗೆ ಓಡಾಡ್ಲಿ ಹೇಳು? ನೀನು ಗಟ್ಟಿಗಿತ್ತಿ. ದೊಡ್ಡ ಮನಸ್ಸು ಮಾಡು."

ಗಟ್ಟಿಗಿತ್ತಿಯಂತೆ. ಅವನ ಕೆತ್ತನೆಯ ಉಳಿಯನ್ನು ತೆಗೆದುಕೊಂಡು ಆ ಬೆಳ್ಳಿ ಡಬ್ಬಿಯ ಮೇಲೆ, ಅವನ ದೋಣಿಗಳ ಮೇಲೆ, ಖರ್ಜೂರದ ಮರಗಳ ಮೇಲೆ ಗೀಚಿಹಾಕಬೇಕು ಅನ್ನಿಸಿತ್ತು. ಗೀಚಲಿಲ್ಲ. ಬಾಗಿಲ ಪರದೆ ಎತ್ತಿ ಹೊರಗೆ ಬಂದಿದ್ದಳು. ಆ ಸಿಟ್ಟೇ ರಾತ್ರಿ ಕಳೆದು ಈಗ ಹೊಳೆದಂಡೆಯ ಕೆಸರಿನಲ್ಲಿ ಅವಳ ಜೊತೆ ನಡೆಯುತ್ತಿತ್ತು.

ದಂಡೆಯಲ್ಲಿ ಜೊಂಡಿನ ಗುಡಿಸಲ ಮುಂದೆ ಬಿಳಿ ರೇಷ್ಮೆಯ ಬಾವುಟ ನೆಟ್ಟಿದ್ದರು, ಅದರ ತುದಿಯ ಹಸಿರು ಟೊಂಗೆ ಆಗಲೇ ಬಾಡತೊಡಗಿತ್ತು. ಹೊಳೆಯ ಆಚೆ ದಂಡೆಯಲ್ಲಿ ದೋಣಿಯವರು ಕೂತು ನೋಡುತ್ತಿದ್ದರು. ನಮ್ಮವರು ನೀರಿಗಿಳಿದರೆ ಅವರಿಗೆ ತಮಾಷೆ. "ಏಯ್, ನೀರುಕೋಳಿಗಳು ಬಂದ್ವು ನೋಡ್ರೋ! ಇವತ್ತು ಯಾರ ಕೊಳೆ ತೊಳೀತೀರಾ?" ಎಂದು ಒಬ್ಬ ಕೂಗಿದ. ಯಾರೂ ತಿರುಗಿ ನೋಡಲಿಲ್ಲ, ನೋಡಬಾರದೆಂದು ಹುಟ್ಟಿನಿಂದ ಕಲಿತವರು. ಬದ್ರಿಯಾ ಮಾತ್ರ ಅವತ್ತು ತಿರುಗಿ, "ನಿಮ್ಮ ಪಾಳಿ ಬಂದಾಗ ಕರೀತೀವಿ, ಕೂತಿರಿ" ಎಂದು ಕೂಗಿದಳು. ನೆರೆದವರಲ್ಲಿ ಯಾರೋ ಕಿಸಕ್ಕೆಂದು ನಕ್ಕು ಬಾಯಿ ಮುಚ್ಚಿಕೊಂಡರು. ಗಂಡಸರ ಗುಂಪಿನಲ್ಲಿ ನಿಂತಿದ್ದ ದಖೀಲ್ ಅವಳ ಕಡೆ ನೋಡಿ ಕಣ್ಣಲ್ಲೇ ಬೇಡ ಎಂದ. ಬೇಡ, ಮುಟ್ಟಬೇಡ. ಅವನಿಗೆ ಬರುವುದು ಅದೊಂದೇ.

ಶೇಖ್ ಜಹ್ರೂನ್ ಬಿಳಿ ಉಡುಪಿನಲ್ಲಿ, ಆಲಿವ್ ಮರದ ಕೋಲು ಹಿಡಿದು ನಿಂತಿದ್ದರು. ಗಡ್ಡದ ತುದಿಯನ್ನು ಮುಖವಸ್ತ್ರದೊಳಗೆ ಸಿಕ್ಕಿಸಿಕೊಂಡಿದ್ದರು. ಮುಂಗೋಪಿ ಮುದುಕ. ಮಂತ್ರದಲ್ಲಿ ಒಂದಕ್ಷರ ಜಾರಿದರೂ ಕೆಲಸವೆಲ್ಲ ಕೆಟ್ಟು ತಾನೇ ಅಶುದ್ಧನಾಗುತ್ತೇನೆ ಎಂಬ ಹೆದರಿಕೆ, ಆ ಹೆದರಿಕೆಗೆ ಎಲ್ಲರ ಮೇಲೂ ರೇಗುತ್ತಿದ್ದರು. ಅವಳನ್ನು ಪಕ್ಕಕ್ಕೆ ಕರೆದರು.

"ಮನಸ್ಸಲ್ಲಿ ಸಿಟ್ಟಿದೆಯೇನಮ್ಮಾ? ಮುಖ ಕೆಂಡ ಆಗಿದೆ."

"ಇದೆ."

"ಇರ್ಲಿ. ಈ ನೀರು ಎಂತೆಂಥ ಸಿಟ್ಟನ್ನೋ ನೋಡಿದೆ, ಅದಕ್ಕೇನೂ ಆಗಲ್ಲ. ಆದ್ರೆ ಸುಳ್ಳಿದ್ರೆ ನನಗೆ ಕೈ ಕೊಡಬೇಡ, ಈಗಲೇ ಹೇಳ್ತಿದೀನಿ. ನಿನಗೂ ದಕ್ಕಲ್ಲ, ನನಗೂ ದಕ್ಕಲ್ಲ, ಆ ಹೆಣ್ಣುಮಗಳು ಅಲ್ಲೇ ನಿಂತಿರ್ತಾಳೆ."

"ಇನ್ನೊಬ್ಬರ ಸುಳ್ಳನ್ನ ಹೊತ್ತಿದ್ರೆ?"

ಶೇಖ್ ಅವಳನ್ನು ದಿಟ್ಟಿಸಿ ನೋಡಿದರು. ಅವರಿಗೆ ಗೊತ್ತಾಯಿತೋ ಇಲ್ಲವೋ. "ಹೊತ್ತವರು ಇಳಿಸಬೇಕು," ಎಂದರು. "ಎಲ್ಲಿ ಇಳಿಸ್ತೀಯೋ ಅದು ನಿನಗೆ ಬಿಟ್ಟದ್ದು. ನನ್ನ ಮಂತ್ರದ ನಡುವೆ ಮಾತ್ರ ಬಾಯಿ ತೆರೀಬೇಡ, ಎಲ್ಲಾ ಮೊದಲಿಂದ ಶುರುಮಾಡ್ಬೇಕಾಗುತ್ತೆ, ನನಗೆ ಸೊಂಟ ನೋವು."

ನೀರು ಹಿಮದಂತೆ ಕೊರೆಯುತ್ತಿತ್ತು. ಮೊಣಕಾಲು, ಸೊಂಟ, ಎದೆ. ನೀರಿಗಿಳಿಯಲು ತೊಟ್ಟಿದ್ದ ಅವಳದೇ ಬಿಳಿ ಬಟ್ಟೆ ಮೊದಲು ಗಾಳಿ ತುಂಬಿ ಉಬ್ಬಿ, ಆಮೇಲೆ ಒದ್ದೆಯಾಗಿ ಮೈಗೆ ಅಂಟಿತು. ಹರಿಯುವ ನೀರೆಲ್ಲ ಬೆಳಕಿನ ಲೋಕದಿಂದ ಇಳಿದುಬಂದದ್ದು, ಅದರೊಳಗೆ ಇಳಿದವರು ಗಳಿಗೆಮಟ್ಟಿಗೆ ತಮ್ಮ ಮನೆಗೆ ಹೋಗಿಬಂದಂತೆ ಎನ್ನುತ್ತಾರೆ. ಬದ್ರಿಯಾಗೆ ಕಂಡದ್ದು ಕೆಸರು, ತೇಲಿಹೋಗುತ್ತಿದ್ದ ಒಂದು ಕಲ್ಲಂಗಡಿ ಸಿಪ್ಪೆ. ತಾನೇ ಮೂರು ಸಲ ಮುಳುಗಿದಳು. ಆಮೇಲೆ ಶೇಖ್ ಅವಳ ತಲೆಯ ಮೇಲೆ ಕೈಯಿಟ್ಟು ಅದುಮಿದರು. ಹಳೆಯ ಭಾಷೆಯಲ್ಲಿ ಅವರ ದನಿ ಏರಿತು, ಅದರ ನಡುವೆ ಹೆಸರು ಕೇಳಿಸಿತು: ಸೀಮತ್, ಮಾಮಾನಿಯಾಳ ಮಗಳು. ನೀರಿನ ಮುಂದೆ ನಮ್ಮವರಿಗೆಲ್ಲ ತಾಯಿಯ ಹೆಸರೇ, ಅಪ್ಪ ಗಂಡ ಮಕ್ಕಳು ಯಾರೂ ಬರುವುದಿಲ್ಲ. ಅಲ್ಲಿ ಯಾರೂ ಉಮ್ ಗಾಯಿಬ್ ಅಲ್ಲ. ಸೀಮತ್ ಎನ್ನುವುದು ಅತ್ತೆಯ ನೀರಿನ ಹೆಸರು ಎಂದು ಬದ್ರಿಯಾಗೆ ಗೊತ್ತಾದದ್ದೇ ಆಗ. ಇಷ್ಟು ವರ್ಷ ಒಂದೇ ಒಲೆಯ ಮುಂದೆ ಕೂತಿದ್ದರೂ ಆ ಮುದುಕಿಗೂ ಒಬ್ಬ ತಾಯಿ ಇದ್ದಳು, ಅವಳ ಹೆಸರು ಮಾಮಾನಿಯಾ ಎಂದು ಕೇಳಬೇಕೆನ್ನಿಸಿರಲಿಲ್ಲ. ಕೈ ಮತ್ತೆ ಅದುಮಿತು. ಕಂದು ಕತ್ತಲು, ಕಿವಿಯಲ್ಲಿ ಗುಂಯ್ ಸದ್ದು. ಮೂರನೆಯ ಸಲ ಮುಳುಗಿದಾಗ ಬದ್ರಿಯಾ ಕಣ್ಣು ತೆರೆದಳು, ಏನೂ ಕಾಣಲಿಲ್ಲ. ಆ ಕಾಣದ್ದಕ್ಕೆ, ತನ್ನೊಳಗೇ ಎಲ್ಲೋ ಕೂತವಳಿಗೆ, ಬಾಯಿ ತೆರೆಯದೆ ಹೇಳಿದಳು: ಚೀಲ ತಳ್ಳಿದ್ದು ನನ್ನ ಕಾಲು. ನನಗೆ ಖುಷಿಯಾಗಿತ್ತು. ಒಂದೇ ಗಳಿಗೆ, ಆದರೆ ಆಗಿತ್ತು. ನೀನು ನನ್ನ ಹೆಸರು ಕರೆದೆ, ನಾನು ನಿನಗೆ ಹೀಗೆ ಮಾಡಿದೆ. ನೀನು ಮಾಡಿದ್ದನ್ನೂ ನಾನು ಮರೆತಿಲ್ಲ, ಮರೆಯುವುದೂ ಇಲ್ಲ. ಎದ್ದಾಗ ಮೂಗಿನೊಳಗೆಲ್ಲ ನೀರು. ಶೇಖ್ ಅವಳ ಹಣೆಯ ಮೇಲೆ ನೀರಿನಿಂದ ಗೆರೆ ಎಳೆದರು, ಬೊಗಸೆ ನೀರು ಕುಡಿಸಿದರು, ಮಿರ್ಟಲ್ ಎಂಬ ಪರಿಮಳದ ಗಿಡದ ಎಲೆಯ ಪುಟ್ಟ ಬಳೆಯನ್ನು ತಲೆವಸ್ತ್ರದೊಳಗೆ ಸಿಕ್ಕಿಸಿದರು. ಆಮೇಲೆ ಬಲಗೈ ಚಾಚಿದರು. ಬದ್ರಿಯಾ ತನ್ನ ಕೈ ನೋಡಿಕೊಂಡಳು. ಚಳಿಗೆ ನೀಲಿಗಟ್ಟಿತ್ತು. ತನ್ನ ಪಾಲಿನದನ್ನು ಇಳಿಸಿಯಾಗಿತ್ತು, ಇನ್ನು ಈ ಕೈಯಲ್ಲಿ ಸುಳ್ಳಿರಲಿಲ್ಲ. ಕೊಟ್ಟಳು.

ದಂಡೆಯಲ್ಲಿ ಜೊಂಡಿನ ಮರೆಯಲ್ಲಿ ಸಬೀಹಾ ಹೊಸ ಉಡುಪು ತೊಡಿಸಿದಳು. ಅಂಗಿ, ಸೊಂಟಪಟ್ಟಿ, ಹೆಗಲ ವಸ್ತ್ರ, ಒಂದೊಂದಕ್ಕೂ ಆಚೆಯಿಂದ ಶೇಖ್ ಅದೇ ಹೆಸರು ಹೇಳುತ್ತಿದ್ದರು. ಬಲಕ್ಕೆ ಚಿನ್ನದ ಎಳೆ, ಎಡಕ್ಕೆ ಬೆಳ್ಳಿಯ ಎಳೆ. ಹೊಲಿಗೆ ಸೊಟ್ಟ ಇತ್ತು. ನಿನ್ನ ಕೈ ಹೊಲಿಗೆಗೆ ಮಾತ್ರ ಬಂತು ಎಂದವಳು ಇದನ್ನು ನೋಡಿದ್ದರೆ ಮಗಳಿಗೆ ಏನನ್ನುತ್ತಿದ್ದಳೋ ಎಂದು ಬದ್ರಿಯಾಗೆ ನಗು ಬಂತು. ಆ ನಗು ಅವಳದಾಗಿರಲಿಲ್ಲ, ಮೂಗಿನಿಂದ ಬರುವ ಸಣ್ಣ ನಗು, ಅತ್ತೆಯದು. ಸಬೀಹಾ ಬೆಚ್ಚಿ ತಲೆ ಎತ್ತಿದಳು. ಆಚೆ ಬಂದು ಚಾಪೆಯ ಮೇಲೆ ಕೂತು ಬದ್ರಿಯಾ ಊಟ ಮಾಡಿದಳು. ಪುಟ್ಟ ರೊಟ್ಟಿ, ಮೀನಿನ ಚೂರು, ಒಣದ್ರಾಕ್ಷಿ, ದಾಳಿಂಬೆ. ಹಲ್ಲು ಹೋದ ಮೇಲೆ ಅತ್ತೆ ದಾಳಿಂಬೆಯ ಕಾಳನ್ನು ಒಂದೊಂದಾಗಿ ಬಾಯಲ್ಲಿಟ್ಟು ಒಸಡಿನಿಂದ ಹಿಂಡಿ ಬೀಜ ಉಗುಳುತ್ತಿದ್ದಳು, ಆ ಸದ್ದಿಗೆ ಇವಳಿಗೆ ವಾಕರಿಕೆ ಬರುತ್ತಿತ್ತು. ಈಗ ಅವಳೂ ಹಾಗೇ ತಿಂದಳು, ಒಂದೊಂದಾಗಿ, ಬೀಜ ಉಗುಳುತ್ತಾ. ನೆರೆದವರ ಗುಜುಗುಜು ನಿಂತಿತು.

ಇಲ್ಲಿಗೆ ಧರ್ಮಪುಸ್ತಕ ಹೇಳುವ ಕೆಲಸ ಮುಗಿಯಿತು. ಆದರೆ ನಮ್ಮ ಓಣಿಯ ಹೆಂಗಸರಿಗೆ ಒಂದು ರೂಢಿ ಇದೆ, ಯಾವ ಪುಸ್ತಕದಲ್ಲೂ ಇಲ್ಲದ್ದು, ಶೇಖ್ ಕಂಡರೂ ಕಾಣದಂತೆ ಬಾವುಟ ಸುತ್ತುತ್ತಾ ನಿಂತುಬಿಡುತ್ತಾರೆ. ಉಡುಪು ಬಿಚ್ಚುವ ಮುಂಚೆ ಸತ್ತವರ ಮನೆಯವರು ಬಂದು ಬದಲು ನಿಂತವರಿಗೆ ಸತ್ಯದ ಕೈ ಕೊಟ್ಟು, ಸತ್ತವರನ್ನೇ ಕರೆದು ಬೀಳ್ಕೊಡುತ್ತಾರೆ. ಆ ಹೊತ್ತು ಕೂತವಳು ಸೊಸೆಯಲ್ಲ. ಸಬೀಹಾ ಮೊದಲು ಬಂದಳು, ಮಂಡಿಯೂರಿ ಕೈ ಹಿಡಿದು, "ಯುಮ್ಮಾ, ನಿನ್ನ ಬೆತ್ತಲೆ ಕಳಿಸಿಬಿಟ್ವಲ್ಲ ಯುಮ್ಮಾ" ಎಂದು ಗೋಳೋ ಎಂದು ಅತ್ತಳು. ಇಷ್ಟು ದಿನ ಮುಖ ಕೊಟ್ಟು ಮಾತಾಡದವಳು ಈಗ ಇವಳ ತೊಡೆಯ ಮೇಲೆ ತಲೆಯಿಟ್ಟಿದ್ದಳು. ಬದ್ರಿಯಾ ಆ ತಲೆಯನ್ನು ಸವರಿದಳು, ಅದು ಮುದುಕಿಗೆ ಸಲ್ಲಬೇಕಾದದ್ದು.

ಆಮೇಲೆ ದಖೀಲ್ ಬಂದ. ಮಂಡಿಯೂರಿದ, ಕಣ್ಣು ಕೆಂಪಾಗಿತ್ತು, ಬಲಗೈ ಚಾಚಿದ. ಬದ್ರಿಯಾ ಕೈ ಕೊಡಲಿಲ್ಲ. ಅಂಗಿಯ ತೋಳಿನೊಳಗೆ ಎಳೆದುಕೊಂಡಳು. ಅವನು ಇನ್ನಷ್ಟು ಚಾಚಿದ, ಜನ ನೋಡುತ್ತಿದ್ದಾರೆ ಎನ್ನುವಂತೆ ಹುಬ್ಬು ಕುಣಿಸಿದ.

"ದಖ್ಖೂಲ್," ಎಂದಳು ಅವಳು. ಅದು ಅತ್ತೆ ಮಾತ್ರ ಕರೆಯುತ್ತಿದ್ದ ಹೆಸರು, ಹೆಂಡತಿಯಾಗಿ ಅವಳು ಎಂದೂ ಬಾಯಲ್ಲಿ ಇಟ್ಟುಕೊಂಡದ್ದಲ್ಲ. "ನನ್ನ ಬಟ್ಟೆ ಎಲ್ಲಿತ್ತೋ?"

ಅವನ ಮುಖ ಬಿಳುಚಿತು. "ಬದ್ರಿಯಾ, ಬೇಡ" ಎಂದ, ತುಟಿ ಅಲ್ಲಾಡದಂತೆ.

"ಬದ್ರಿಯಾ ಯಾರು ಇಲ್ಲಿ? ನನ್ನ ಬಟ್ಟೆ ಎಲ್ಲಿತ್ತು ಅಂತ ಕೇಳಿದೆ. ನಾನು ಕೇಳಿದಾಗ ಎಲ್ಲಿತ್ತು?"

ದಖೀಲ್ ಸುತ್ತ ನೋಡಿದ, ನೋಡಲು ಯಾವ ಲೋಟವೂ ಕೈಯಲ್ಲಿರಲಿಲ್ಲ. ಅವನ ಕಣ್ಣು ಅಂಗಿಯ ಬಲಗಡೆ ಚಿನ್ನದ ಎಳೆಯ ಮೇಲೆ ನಿಂತಿತು, ಅವನೇ ಎಳೆದ ತಂತಿ. "ಮಂಚದ ಕೆಳಗಿತ್ತು ಯುಮ್ಮಾ."

"ತೆಗೀಬೇಡ ಅಂದೋರು ಯಾರು?"

ಆ ಸಾಧು ಮನುಷ್ಯ, ಮಗುವಿನ ಹಾಗೆ ಮುಖ ಕಿವುಚಿ, ಎಲ್ಲರಿಗೂ ಕೇಳುವಂತೆ ಅತ್ತುಬಿಟ್ಟ. "ನಾನು. ನಾನೇ ಯುಮ್ಮಾ. ಅವಳು ಬಗ್ಗಿದ್ಲು, ನಾನೇ ಬೇಡ ಅಂದೆ. ನೀನು ಹೋಗ್ತೀಯ ಅಂತ ನನಗೆ ನಂಬೋಕಾಗ್ಲಿಲ್ಲ ಯುಮ್ಮಾ."

ಸಬೀಹಾ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ಉಮ್ ಸಲ್ಮಾನಳ ಕೆನೆಯ ತಟ್ಟೆ ಓರೆಯಾಗಿ ಕೆನೆ ಕೆಸರಿಗೆ ಸುರಿಯಿತು, ಅವಳು ನೋಡಲಿಲ್ಲ. ಬದ್ರಿಯಾ ತೋಳಿನಿಂದ ಕೈ ಹೊರತೆಗೆದು ಮಗನಿಗೆ ಕೊಟ್ಟಳು. ಅವನು ಅದನ್ನು ಕಣ್ಣಿಗೆ ಒತ್ತಿಕೊಂಡ. ಎದೆಯೊಳಗೆ ಮುದುಕಿ ಎದ್ದು ಹೊರಟಂತೆ, ಬುಟ್ಟಿ ಎತ್ತಿಕೊಂಡು ಮುಂದಿನಿಂದಲೇ ಹಾದುಹೋದಂತೆ ಬದ್ರಿಯಾಗೆ ಅನ್ನಿಸಿತು. ಅವಳಿಗೆ ಬೇಕಾದದ್ದು ಸಿಕ್ಕಿತ್ತು. ಅವಳು ಹೋದಳು. ಉಳಿದವಳು ಬದ್ರಿಯಾ, ಉಳಿದದ್ದು ಅವಳ ಸಿಟ್ಟು, ಅದು ಒಂದಿಷ್ಟೂ ಕರಗಿರಲಿಲ್ಲ.

ಮರೆಗೆ ಹೋಗಿ ಬಿಳಿ ಉಡುಪು ಬಿಚ್ಚಿಟ್ಟು ತನ್ನ ಕಪ್ಪು ಹೊದಿಕೆ ಹೊದ್ದು ಅವಳು ಹೊರಬಂದಾಗ ಜನ ಚದುರುತ್ತಿದ್ದರು. ಯಾರೂ ಅವಳ ಕಣ್ಣಿಗೆ ಕಣ್ಣು ಕೊಡಲಿಲ್ಲ. ಊಟದ ಪಾತ್ರೆಗಳು ಚಾಪೆಯ ಮೇಲೆ ಹಾಗೇ ಬಿದ್ದಿದ್ದವು. ಅವಳು ಅವನ್ನು ಬುಟ್ಟಿಗೆ ತುಂಬಿ ನೀರಿನ ಅಂಚಿಗೆ ಒಯ್ದು ಕುಕ್ಕರುಗಾಲಲ್ಲಿ ಕೂತಳು. ದಖೀಲ್ ಹಿಂದೆ ಬಂದು ನಿಂತ. ಅತ್ತು ಹಗುರಾದ ಮುಖ, ಮೊದಲಿನ ಅದೇ ಮೆದು ದನಿ.

"ಬಾ, ಮನೆಗೆ ಹೋಗೋಣ. ಎಲ್ಲಾ ಹೇಳಿಬಿಟ್ಟೆನಲ್ಲ. ಇನ್ನು ಮುಗೀತು" ಎಂದು ಕೈ ಚಾಚಿದ.

"ಯಾರಿಗೆ ಹೇಳಿದೆ?"

"ಅಂದ್ರೆ? ಎಲ್ಲರ ಮುಂದೇನೇ..."

"ನಿಮ್ಮಮ್ಮನಿಗೆ ಹೇಳಿದೆ. ಅವಳು ಹೋದ್ಲು. ನಾನು ಇಲ್ಲೇ ಇದೀನಿ." ಅವಳು ತಟ್ಟೆಯೊಂದನ್ನು ಹರಿಯುವ ನೀರಿಗೆ ಅದ್ದಿ ಎತ್ತಿದಳು. "ನನಗೆ ಯಾವಾಗ ಹೇಳ್ತೀಯ? ನಾನೂ ಸತ್ತು, ಇನ್ಯಾರೋ ನನ್ನ ಬದಲು ನೀರಿಗಿಳಿದು ಬಂದು ಕೂತ ಮೇಲಾ?"

ಅವನು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳುವುದೋ ಬೇಡವೋ ತಿಳಿಯದೆ ಹಾಗೇ ಹಿಡಿದು ನಿಂತಿದ್ದ. ಬದ್ರಿಯಾ ಅದನ್ನು ನೋಡಿದಳು, ಮುಟ್ಟಲಿಲ್ಲ. ಮುಂದಿನ ಪಾತ್ರೆ ಎತ್ತಿಕೊಂಡು ನೀರಿಗೆ ಅದ್ದಿದಳು.